ಹದಿನಾರರ ಮಗ "ಅಪ್ಪನೂ ಕುಡೀತಾರಲ್ಲ, ನನಗಂತೂ ಏರೋದೇ ಇಲ್ಲ" ಅಂತಾನೆ. ದೊಡ್ಡವರಿಗೂ ಅವನಿಗೂ ಏನು ವ್ಯತ್ಯಾಸ?

ಮೇಡಂ, ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಏರೋದಿಲ್ಲ ಅಂತ ಅವನು ಹೇಳುತ್ತಿರುವುದು ನಿಜವೇ ಇರಬಹುದು. ನನಗೆ ಭಯ ಇರುವುದೂ ಅಲ್ಲೇ.

ಇಲಿಗಳಿಗೆ ತೂಕಕ್ಕೆ ತಕ್ಕಂತೆ ಒಂದೇ ಪ್ರಮಾಣದ ಮದ್ಯ ಕೊಟ್ಟು ಅಂಗಾತ ಮಲಗಿಸಿ ನೋಡಿದ್ದಾರೆ. ದೊಡ್ಡ ಇಲಿ ತುಂಬ ಹೊತ್ತು ಹಾಗೇ ಬಿದ್ದಿರುತ್ತದೆ. ಹರೆಯದ್ದು ಬೇಗ ಮಗುಚಿಕೊಂಡು ಎದ್ದುಬಿಡುತ್ತದೆ. ಇದಕ್ಕೇ ತಾಕತ್ತು ಜಾಸ್ತಿ ಅನ್ನಿಸುತ್ತೆ, ಅಲ್ವಾ? ಇನ್ನೊಂದು ಪ್ರಯೋಗ ನೋಡಿ. ತೊಟ್ಟಿಯ ನೀರಿನಡಿ ಕಾಣದ ಹಾಗೆ ಒಂದು ಪುಟ್ಟ ಕಟ್ಟೆ. ಇಲಿ ಈಜಿ ಅದನ್ನು ಹುಡುಕಬೇಕು, ಜಾಗ ನೆನಪಿಟ್ಟುಕೊಳ್ಳಬೇಕು. ಮದ್ಯ ಕೊಟ್ಟಾಗ ಇಲ್ಲಿ ಹೆಚ್ಚು ಪರದಾಡಿದ್ದು ಹರೆಯದ ಇಲಿಗಳೇ.

ಅಂದರೆ ತೂಕಡಿಕೆ, ತೂರಾಟದಂಥ "ಸಾಕು ನಿಲ್ಲಿಸು" ಅನ್ನುವ ಸೂಚನೆಗಳು ಎಳೆಯರಲ್ಲಿ ಮಂದ. ನೆನಪಿಗೆ ಬೀಳುವ ಪೆಟ್ಟು ಮಾತ್ರ ಜೋರು. ಹೊಸ ನೆನಪುಗಳನ್ನು ಕೂಡಿಡುವ ಭಾಗ ಹಿಪ್ಪೋಕ್ಯಾಂಪಸ್. ಒಮ್ಮೆಲೇ ಜಾಸ್ತಿ ಕುಡಿದರೆ ಅದು ಕೆಲಸ ನಿಲ್ಲಿಸುತ್ತದೆ. ಹುಡುಗ ನಗುತ್ತಾನೆ, ಮಾತಾಡುತ್ತಾನೆ, ನಡೆದೇ ಮನೆಗೆ ಬರುತ್ತಾನೆ. ಬೆಳಗ್ಗೆ ಕೇಳಿದರೆ ಒಂದೂ ನೆನಪಿಲ್ಲ. ಮರೆತದ್ದಲ್ಲ ಅದು, ದಾಖಲಾಗಿಯೇ ಇರುವುದಿಲ್ಲ.

ಇನ್ನು ಹಣೆಯ ಹಿಂದಿನ ಭಾಗ. ಮುಂದಾಲೋಚನೆ, ತಡೆದುಕೊಳ್ಳುವ ಶಕ್ತಿ ಎಲ್ಲ ಅಲ್ಲಿಯೇ. ಅದು ಪಕ್ವವಾಗಲು ಸುಮಾರು 25 ವರ್ಷ ಬೇಕು. ಖುಷಿ ಬೇಡುವ ಭಾಗ ಅದಕ್ಕಿಂತ ಮೊದಲೇ ಚುರುಕಾಗಿರುತ್ತದೆ. ವಿಪರೀತ ಕುಡಿಯುವ ಹದಿಹರೆಯದವರನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡಿ ನೋಡಿದಾಗ, ಮಿದುಳಿನ ಬೂದು ಭಾಗ (ನರಕೋಶಗಳು ತುಂಬಿರುವ ಭಾಗ) ಬೇಗ ತೆಳುವಾಗುವುದು, ಬಿಳಿ ಭಾಗ (ಅವನ್ನು ಜೋಡಿಸುವ ತಂತುಗಳ ಭಾಗ) ನಿಧಾನವಾಗಿ ಬೆಳೆಯುವುದು ಕಂಡಿದೆ. ಕೆಲವರಲ್ಲಿ ಕುಡಿಯುವ ಮೊದಲೇ ಸ್ವಲ್ಪ ವ್ಯತ್ಯಾಸ ಇರುತ್ತದೆ, ಹಾಗಾಗಿ ಎಲ್ಲವನ್ನೂ ಮದ್ಯದ ತಲೆಗೇ ಕಟ್ಟಲಾಗದು.

ದೊಡ್ಡವರಿಗೆ ಏನೂ ಆಗಲ್ಲ ಅಂತಲ್ಲ. ವರ್ಷಾನುಗಟ್ಟಲೆ ಕುಡಿದರೆ ಅವರ ಮಿದುಳೂ ಕುಗ್ಗುತ್ತದೆ. ಆದರೆ ಅವರದು ಬೆಳೆದು ಮುಗಿದದ್ದು, ಮಗನದು ಇನ್ನೂ ಬೆಳೆಯುತ್ತಿರುವುದು. ಚಟದ ವಿಷಯದಲ್ಲೂ ಹಾಗೇ. 1990ರ ದಶಕದ ಅಮೆರಿಕದ ಸಮೀಕ್ಷೆಯೊಂದರಲ್ಲಿ, 15 ತುಂಬುವ ಮೊದಲೇ ಶುರುಮಾಡಿದವರಲ್ಲಿ ಸುಮಾರು 40% ಜನ ಮುಂದೆ ಎಂದಾದರೂ ಚಟಕ್ಕೆ ಬಿದ್ದಿದ್ದರು. 20 ದಾಟಿದ ಮೇಲೆ ಶುರುಮಾಡಿದವರಲ್ಲಿ ಸುಮಾರು 10%. ಮನೆತನದ ಕಾರಣಗಳೂ ಇರುತ್ತವೆ ನಿಜ, ಆದರೂ ತಡಮಾಡಿದಷ್ಟೂ ಒಳ್ಳೆಯದು.

ಸುಮ್ನೆ ಗದರಬೇಡಿ, ಇಲಿಗಳ ಕಥೆ ಹೇಳಿ. ಜೊತೆಗೆ ಇನ್ನೊಂದು ಮಾತು. ಗೆಳೆಯರಲ್ಲಿ ಯಾರಾದರೂ ಕುಡಿದು ಎಬ್ಬಿಸಿದರೂ ಏಳದಿದ್ದರೆ "ಮಲಗಿದರೆ ಸರಿಹೋಗ್ತಾನೆ" ಅಂತ ಬಿಟ್ಟುಬರಬಾರದು. ಮಗ್ಗುಲಿಗೆ ಹೊರಳಿಸಿ, ಪಕ್ಕದಲ್ಲೇ ಇದ್ದು, ತಕ್ಷಣ ಆಂಬುಲೆನ್ಸ್ ಕರೆಯಬೇಕು. ಬೈಗುಳದ ಭಯಕ್ಕೆ ಮುಚ್ಚಿಡಬೇಡ ಅಂತ ಅವನಿಗೆ ಈಗಲೇ ಹೇಳಿಬಿಡಿ.