ವಿಂಡೋಸ್ 11 ಆದ ಮೇಲೆ ನುಡಿ, ಲೆಕ್ಕದ ಸಾಫ್ಟ್‌ವೇರ್ ಕೈಕೊಟ್ಟಿದ್ದಕ್ಕೆ

ಅಣ್ಣ, ನಿಮ್ಮ ಪೋಸ್ಟ್ ಬೆಳಿಗ್ಗೆಯೇ ನೋಡಿದ್ದೆ. ಮೆಣಸು ಕೊಯ್ಯುವವರು ಬಂದಿದ್ದರು, ಈಗ ಬಿಡುವಾಯಿತು.

ವಿಂಡೋಸ್ 10 ಇದ್ದ ಕಂಪ್ಯೂಟರನ್ನು 11ಕ್ಕೆ ಏರಿಸಿದಿರಿ. ತೋಟದ ಲೆಕ್ಕದ ಹಳೇ ಸಾಫ್ಟ್‌ವೇರ್ ತೆರೆಯಲಿಲ್ಲ ಅಂತ ಅಂಗಡಿ ಹುಡುಗ ಅದರ ಮೇಲೆ 'ರನ್ ಆಸ್ ಅಡ್ಮಿನಿಸ್ಟ್ರೇಟರ್' (ಪೂರ್ತಿ ಅಧಿಕಾರ ಕೊಟ್ಟು ಓಡಿಸು) ಅಂತ ಟಿಕ್ ಹಾಕಿಕೊಟ್ಟ. ಈಗ ತೆರೆದಾಗಲೆಲ್ಲ 'ಯೆಸ್, ನೋ' ಕೇಳುತ್ತೆ, ಅದರೊಳಗೆ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದರೆ ಇಂಗ್ಲಿಷೇ ಬೀಳುತ್ತೆ, ಸಾಲದ್ದಕ್ಕೆ ಈ ವರ್ಷದ ಅಡಿಕೆ ಲೆಕ್ಕವೇ ಮಾಯ. ಇದು ನೀವು ಹೇಳಿದ್ದು. ಕೆಳಗೆ ಒಬ್ಬರು ಯುಎಸಿಯನ್ನೇ, ಅಂದರೆ ಆ 'ಯೆಸ್, ನೋ' ಕೇಳುವ ಕಾವಲನ್ನೇ, ಪೂರ್ತಿ ಆಫ್ ಮಾಡಿ ಅಂದಿದ್ದಾರೆ. ಅದೊಂದು ಬೇಡ ಮಾರಾಯ್ರೆ. ನಾಯಿ ಬೊಗಳುತ್ತೆ ಅಂತ ನಾಯಿಯನ್ನೇ ಅಟ್ಟಿದ ಹಾಗಾಗುತ್ತೆ.

ನೋಡೋಕೆ ಮೂರು ತೊಂದರೆ. ನನ್ನ ಪ್ರಕಾರ ಮೂರಕ್ಕೂ ಬೇರು ಒಂದೇ, ಆ ಟಿಕ್.

ಮೊದಲು ಮಾಯವಾದ ಲೆಕ್ಕ. ಅದು ಹೋಗಿಲ್ಲ, ಗಾಬರಿ ಬೇಡ. ಹಳೇ ಸಾಫ್ಟ್‌ವೇರ್‌ಗಳು ತಮ್ಮ ಡೇಟಾವನ್ನು ತಾವು ಕೂತ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲೇ ಬರೆಯೋಕೆ ಹೋಗುತ್ತವೆ. ವಿಂಡೋಸ್ ವಿಸ್ಟಾ ಬಂದ ಕಾಲದಿಂದ ವಿಂಡೋಸ್ ಅದಕ್ಕೆ ಬಿಡುವುದಿಲ್ಲ. ಹಾಗಂತ ತಡೆದರೆ ಸಾಫ್ಟ್‌ವೇರ್ ನಿಂತೇ ಹೋಗುತ್ತಲ್ಲ, ಅದಕ್ಕೆ ಸದ್ದಿಲ್ಲದೆ ಆ ಫೈಲನ್ನು ವರ್ಚುವಲ್ ಸ್ಟೋರ್ ಅನ್ನೋ ಬೇರೆ ಜಾಗದಲ್ಲಿ ಇಡುತ್ತೆ. ಇಷ್ಟು ವರ್ಷ ನೀವು ಬರೆದದ್ದು ಅಲ್ಲಿಗೆ ಹೋಗಿದೆ. ಈಗ ಅಡ್ಮಿನಿಸ್ಟ್ರೇಟರ್ ಆಗಿ ತೆರೆದಾಗ ಅದು ಅಸಲಿ ಫೋಲ್ಡರಿನ ಹಳೇ ಫೈಲನ್ನು ನೋಡುತ್ತಿದೆ. ಎರಡು ಪುಸ್ತಕ ಇವೆ, ನಿಮಗೆ ಹಳೇದು ಕಾಣುತ್ತಿದೆ, ಅಷ್ಟೇ.

ಹುಡುಕೋದು ಹೀಗೆ. ಫೈಲ್ ಎಕ್ಸ್‌ಪ್ಲೋರರ್ ತೆರೆದು ಮೇಲೆ ವ್ಯೂ, ಶೋ, ಹಿಡನ್ ಐಟಮ್ಸ್ ಟಿಕ್ ಮಾಡಿ. ಆಮೇಲೆ ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರಿನ ಫೋಲ್ಡರ್, ಆಪ್‌ಡೇಟಾ, ಲೋಕಲ್, ವರ್ಚುವಲ್ ಸ್ಟೋರ್. ಅದರೊಳಗೆ ಪ್ರೋಗ್ರಾಂ ಫೈಲ್ಸ್ (x86), ಅದರೊಳಗೆ ನಿಮ್ಮ ಸಾಫ್ಟ್‌ವೇರ್ ಹೆಸರಿನ ಫೋಲ್ಡರ್ ಇರಬೇಕು. ಫೈಲುಗಳ ತಾರೀಕು ನೋಡಿ. ಅಪ್‌ಗ್ರೇಡ್ ಮಾಡುವ ಹಿಂದಿನ ವಾರದ ತಾರೀಕು ಇದ್ದರೆ ಅದೇ ನಿಮ್ಮ ಲೆಕ್ಕ. ಏನೂ ಮುಟ್ಟುವ ಮೊದಲು ಈ ಫೋಲ್ಡರನ್ನೂ ಅಸಲಿ ಫೋಲ್ಡರನ್ನೂ ಬೇರೆ ಬೇರೆಯಾಗಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಟಿಕ್ ಬಿದ್ದ ಮೇಲೆ ಹೊಸದಾಗಿ ಏನಾದರೂ ಬರೆದಿದ್ದರೆ ಅದು ಅಸಲಿ ಫೋಲ್ಡರಿನಲ್ಲಿರುತ್ತೆ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ನುಡಿ ಯಾಕೆ ಟೈಪ್ ಆಗಲ್ಲ? ನುಡಿ ನೀವು ಒತ್ತಿದ ಕೀಲಿಯನ್ನು ಮಧ್ಯದಲ್ಲೇ ಹಿಡಿದು ಕನ್ನಡ ಮಾಡಿ ಕಳಿಸುತ್ತೆ. ಲೆಕ್ಕದ ಸಾಫ್ಟ್‌ವೇರ್ ಅಡ್ಮಿನಿಸ್ಟ್ರೇಟರ್ ಆಗಿ ಮೇಲಿನ ಜಗುಲಿಯಲ್ಲಿ ಕೂತಿದೆ, ನುಡಿ ಅಂಗಳದಲ್ಲಿದೆ. ಅಂಗಳದಲ್ಲಿ ಇದ್ದವರು ಜಗುಲಿಯವರ ಕೀಲಿ ಮುಟ್ಟೋ ಹಾಗಿಲ್ಲ. ಅದಕ್ಕೇ ನೋಟ್‌ಪ್ಯಾಡಿನಲ್ಲಿ ಕನ್ನಡ ಬರುತ್ತೆ, ಇದರಲ್ಲಿ ಬರಲ್ಲ. ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೆ ಟೈಪ್ ಆಗುತ್ತೆ. ಆದರೆ ಅದು ಈ ಹೊತ್ತಿಗೆ ಮಾತ್ರ. ಆಗ 'ಯೆಸ್, ನೋ' ಎರಡೆರಡು ಸಲ ಕೇಳುತ್ತೆ.

ಸರಿಯಾದ ದಾರಿ ಅಂದರೆ ಸಾಫ್ಟ್‌ವೇರನ್ನು ಪ್ರೋಗ್ರಾಂ ಫೈಲ್ಸ್‌ನಿಂದ ಹೊರಗೆ ತರೋದು. ಸೆಟಪ್ ಸಿಡಿ ಇದ್ದರೆ ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿ. ಜಾಗ ಕೇಳಿದಾಗ ಡಿ ಡ್ರೈವ್‌ನಲ್ಲಿ 'ಲೆಕ್ಕ' ಅಂತ ಒಂದು ಫೋಲ್ಡರ್ ಕೊಡಿ. ಹಳೇ ಸಾಫ್ಟ್‌ವೇರಿಗೆ ಕನ್ನಡ ಹೆಸರು ಆಗಿಬರಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಪೆನ್‌ಡ್ರೈವಿನಿಂದ ವರ್ಚುವಲ್ ಸ್ಟೋರಿನ ಫೈಲುಗಳನ್ನು ಅಲ್ಲಿಗೆ ಹಾಕಿ, ಚೀಟಿಯಲ್ಲಿ ಬರೆದಿಟ್ಟದ್ದನ್ನು ಆಮೇಲೆ ಮತ್ತೆ ಸೇರಿಸಿ. ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿಯಲ್ಲಿ ಅಡ್ಮಿನಿಸ್ಟ್ರೇಟರ್ ಟಿಕ್ ಇಲ್ಲದಂತೆ ನೋಡಿಕೊಳ್ಳಿ. ಆಗಲೂ ತೆರೆಯದಿದ್ದರೆ ಅಲ್ಲೇ ಮೇಲೆ ವಿಂಡೋಸ್ 7 ಮೋಡ್ ಆರಿಸಿ. ಸಿಡಿ ಇಲ್ಲದಿದ್ದರೆ ಫೋಲ್ಡರನ್ನೇ ಕಾಪಿ ಮಾಡಿ ನೋಡಬಹುದು. ಕೆಲವು ಓಡುತ್ತವೆ, ಕೆಲವು ಇಲ್ಲ. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ್ದಾಗಿದ್ದರೆ 11ರಲ್ಲಿ ಆಟ ಮುಗಿಯಿತು, ಅಂಥವನ್ನು ಓಡಿಸೋಕೆಂದೇ ಇರುವ ಡಾಸ್‌ಬಾಕ್ಸ್ ಹಾಕಿಕೊಂಡೇ ನಡೆಸಬೇಕು.

ನುಡಿ ಮತ್ತೆ ಇನ್‌ಸ್ಟಾಲ್ ಮಾಡುವಾಗ 'ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ' ಅಂತ ನೀಲಿ ಪೆಟ್ಟಿಗೆ ಬಂತು, ವೈರಸ್ಸಾ ಅಂತಲೂ ಕೇಳಿದ್ದೀರಿ. ಆ ಪೆಟ್ಟಿಗೆ ಬಂದರೆ ವೈರಸ್ ಸಿಕ್ಕಿದೆ ಅಂತಲ್ಲ. ಈ ಫೈಲಿನ ಗುರುತು ಪರಿಚಯ ನನಗಿಲ್ಲ ಅಂತ ಅಷ್ಟೇ. ಮೋರ್ ಇನ್ಫೋ ಒತ್ತಿದರೆ ರನ್ ಎನಿವೇ ಕಾಣುತ್ತೆ. ಆದರೆ ಒತ್ತುವ ಮೊದಲು ಫೈಲ್ ಎಲ್ಲಿಂದ ತಂದಿರಿ ನೋಡಿ. ನುಡಿ ಮಾಡಿದ ಕನ್ನಡ ಗಣಕ ಪರಿಷತ್ತಿನ ತಾಣದ್ದೇ ಆದರೆ ಸರಿ. ನಾನು ಒಮ್ಮೆ ಅವಸರದಲ್ಲಿ ಯಾವುದೋ ಡೌನ್‌ಲೋಡ್ ತಾಣದಿಂದ ನುಡಿ ಇಳಿಸಿ, ಜೊತೆಗೆ ಬಂದ ಜಾಹೀರಾತು ಕಳೆ ಕೀಳೋಕೆ ಎರಡು ದಿನ ಒದ್ದಾಡಿದ್ದೆ. 'ಥ್ರೆಟ್ ಫೌಂಡ್' ಅಂತ ಬಂದರೆ ಮಾತ್ರ ಬೇರೆ ವಿಷಯ, ಅಲ್ಲಿ ನಿಲ್ಲಿ, ಫೋಟೋ ತೆಗೆದು ಇಲ್ಲಿ ಹಾಕಿ.

ಲ್ಯಾಪ್‌ಟಾಪಿನಲ್ಲಿ ಸ್ಕ್ರೋಲ್ ಲಾಕ್ ಕೀಲಿಯೇ ಇಲ್ಲ, ನುಡಿ ಆನ್ ಮಾಡೋದು ಹೇಗೆ ಅಂತ ಅಕ್ಕ ಒಬ್ಬರು ಕೇಳಿದ್ದರಲ್ಲ, ಅವರಿಗೆ: ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಪರದೆ ಮೇಲೆ ಕೀಲಿಮಣೆ ಬರುತ್ತೆ, ಅದರಲ್ಲಿ ಸ್ಕ್ರೋಲ್ ಲಾಕ್ ಇದೆ.

ಹಳೇ ಪತ್ರ ತೆರೆದಾಗ 'ಕನ್ನಡ' ಅಂತ ಇರಬೇಕಾದ ಕಡೆ ಪಿ, ಪೌಂಡ್ ಗುರುತು, ಕ್ಯೂ ಎಲ್ಲ ಕಂಡರೆ ಪತ್ರ ಕೆಟ್ಟಿಲ್ಲ, ನುಡಿ ಫಾಂಟ್ ಇಲ್ಲ ಅಷ್ಟೇ. ಹಾಕಿದರೆ ಸರಿಯಾಗುತ್ತೆ. ವಿಂಡೋಸಿನದೇ ಕನ್ನಡ ಫಾಂಟ್ ತುಂಗಾ ಕಾಣದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆಪ್ಶನಲ್ ಫೀಚರ್ಸ್ ಹುಡುಕಿ, ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ. ಪತ್ರಗಳನ್ನು ಯೂನಿಕೋಡ್‌ಗೆ (ನುಡಿ ಫಾಂಟ್ ಇಲ್ಲದೆಯೂ ಓದಬಹುದಾದ ರೂಪಕ್ಕೆ) ಬದಲಾಯಿಸೋದಾದರೆ ಮೂಲವನ್ನು ಹಾಗೇ ಇಟ್ಟು ಕಾಪಿಯ ಮೇಲೆ ಮಾಡಿ. ಅರ್ಕಾವೊತ್ತು, ಒತ್ತಕ್ಷರ ಇರುವ ಪದಗಳನ್ನು ಕಣ್ಣಿಟ್ಟು ನೋಡಿ, ತಪ್ಪೋದು ಅಲ್ಲೇ.

10ಕ್ಕೇ ವಾಪಸ್ ಹೋಗಿಬಿಡಲಾ ಅಂದಿದ್ದೀರಿ. ಅಪ್‌ಗ್ರೇಡ್ ಆಗಿ 10 ದಿನದೊಳಗಾದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ಗೋ ಬ್ಯಾಕ್ ಇರುತ್ತೆ. ಆದರೆ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ, ಬ್ಯಾಂಕ್ ಕೆಲಸವನ್ನೂ ಅದರಲ್ಲೇ ಮಾಡುತ್ತೀರಲ್ಲ. ನಾನಾದರೆ ಹೋಗಲ್ಲ.

ಮೊದಲು ಆ ವರ್ಚುವಲ್ ಸ್ಟೋರ್ ನೋಡಿ, ಯಾವ ತಾರೀಕಿನ ಫೈಲ್ ಸಿಕ್ಕಿತು ಅಂತ ಇಲ್ಲೇ ಬರೆಯಿರಿ. ರಾತ್ರಿ ಊಟ ಆದ ಮೇಲೆ ನೋಡುತ್ತೇನೆ.