ಹೈಸ್ಕೂಲು ಮಕ್ಕಳ ಸ್ವಂತ ಕೆಲಸಕ್ಕೆ ಚಿಕ್ಕ ಮೊತ್ತ ಕೊಡುವುದು ಹೇಗೆ?

ಊರಿನ ಹೈಸ್ಕೂಲು, ಪಿಯುಸಿ ಮಕ್ಕಳ ಸ್ವಂತ ಪ್ರಯತ್ನಗಳಿಗೆ ವರ್ಷಕ್ಕೆ 50 ಸಾವಿರ ತೆಗೆದಿಡಬೇಕೆಂದಿದ್ದೀರಿ. ಯಾರಿಗೆ ಕೊಡಲಿ, ಕೊಟ್ಟದ್ದು ಹಾಳಾದರೆ ಏನು ಮಾಡಲಿ ಎಂದು ಕೇಳಿದ್ದೀರಿ. ಸಾಗರದ ಕಡೆ ನಾವು ಎಂಟು ಜನ ಹಳೇ ಸಹಪಾಠಿಗಳು ತಿಂಗಳಿಗೆ ಐನೂರರಂತೆ ಹಾಕಿ ಆರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇವೆ. 2009ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹತ್ತು ಜನ ತಲಾ 100 ಡಾಲರ್ ಹಾಕಿ, ತಿಂಗಳಿಗೊಬ್ಬರಿಗೆ ಸಾವಿರ ಡಾಲರ್ ಕೊಡಲು ಶುರುಮಾಡಿದ ಆಸಮ್ ಫೌಂಡೇಶನ್ ನಮಗೆ ದಾರಿ ತೋರಿಸಿದ್ದು.

ದುಡ್ಡನ್ನು ಮಗುವಿನ ಕೈಗೇ ಕೊಡಿ. ಮೊದಲ ವರ್ಷ ನಾವು ಒಂದು ಶಾಲೆಗೆ ಒಟ್ಟಾಗಿ ಕೊಟ್ಟೆವು. ವಸ್ತುಪ್ರದರ್ಶನದ ದಿನ ಹೋಗಿ ನೋಡಿದರೆ ಮೇಜಿನ ಮೇಲೆ ಪೇಟೆಯಿಂದ ತಂದ ರೆಡಿಮೇಡ್ ಮಾಡೆಲ್‌ಗಳು. ಪಕ್ಕದಲ್ಲಿ ನಿಂತ ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದರು. ಬಹಳ ಸಂಕಟವಾಯಿತು. ಶಾಲಾ ಮಕ್ಕಳ ಹೊಸ ಐಡಿಯಾಗಳಿಗೆ ನೆರವು ಕೊಡುವ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲೂ ಐಡಿಯಾ ಆಯ್ಕೆಯಾದರೆ 10,000 ರೂಪಾಯಿ ವಿದ್ಯಾರ್ಥಿಯ ಖಾತೆಗೇ ಜಮಾ ಆಗುತ್ತದೆ. ಆದರೆ ಹೆಸರು ಶಾಲೆಯ ಮೂಲಕ ಹೋಗಬೇಕು. ಮೇಷ್ಟ್ರ ಕಣ್ಣಿಗೆ ಬೀಳದೆ ಹಿಂದಿನ ಬೆಂಚಿನಲ್ಲಿ ಕೂತ ಹುಡುಗ ಹುಡುಗಿಯರಿಗೆ ನಿಮ್ಮಂಥವರೇ ಬೇಕು.

ಅರ್ಜಿ ಒಂದೇ ಹಾಳೆ, ಕನ್ನಡದಲ್ಲಿ, ಅವರದೇ ಕೈಬರಹ. ಏನು ಮಾಡುತ್ತೀಯ, ಯಾಕೆ, ಏನೇನು ಸಾಮಾನು ಬೇಕು, ಒಂದೊಂದಕ್ಕೆ ಎಷ್ಟು. ನಾನು ಮೊದಲು ಓದುವುದು ಆ ರೇಟಿನ ಪಟ್ಟಿ. ಅಂಗಡಿಗೆ ಹೋಗಿ ವಿಚಾರಿಸಿಕೊಂಡು ಬಂದವರು ಅಲ್ಲೇ ಗೊತ್ತಾಗಿಬಿಡುತ್ತಾರೆ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನಾಟಿ ಕೋಳಿ ಮೊಟ್ಟೆಗೆ ಕಾವುಪೆಟ್ಟಿಗೆ ಮಾಡುತ್ತೇನೆಂದು ಬಂದಳು. ಮೀನಿನಂಗಡಿಯ ಥರ್ಮಾಕೋಲ್ ಪೆಟ್ಟಿಗೆ 60, ಥರ್ಮೋಸ್ಟಾಟ್ 280, ಬಲ್ಬು ಹೋಲ್ಡರ್ ವೈರು 150, ಥರ್ಮಾಮೀಟರ್ 120, ಹದಿನೆಂಟು ಮೊಟ್ಟೆಗೆ 270. ನಾವು 2,000 ಕೊಟ್ಟೆವು. ವೈರಿಂಗ್ ಮಾತ್ರ ಊರಿನ ಎಲೆಕ್ಟ್ರಿಷಿಯನ್ ಎದುರಿಗೇ ಆಗಬೇಕೆಂದು ಹೇಳಿದ್ದೆವು. ಕೋಳಿ ಮೊಟ್ಟೆಗೆ 21 ದಿನ, ಹೆಚ್ಚುಕಮ್ಮಿ 37.5 ಡಿಗ್ರಿ ಕಾವು ಬೇಕು. ಒಂಬತ್ತನೇ ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ಒಂದು ಮರಿಯೂ ಆಗಲಿಲ್ಲ.

ಅವಳು ಉಳಿದ 1,120 ರೂಪಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ತಂದು ನನ್ನ ಮುಂದಿಟ್ಟಳು. "ಖರ್ಚಾಗಿದ್ದನ್ನ ಹೆಂಗೆ ವಾಪಸ್ ಕೊಡ್ಲಿ ಸರ್?" ಎಂದಾಗ ಕಣ್ಣು ತುಂಬಿತ್ತು. ಅವಳ ನೋಟ್‌ಬುಕ್ ಕೇಳಿ ತೆಗೆದು ನೋಡಿದೆ. "ಕರೆಂಟ್ ಹೋಗಿದ್ದು ರಾತ್ರಿ 11. ಬಂದಿದ್ದು ಮಧ್ಯಾಹ್ನ 1. ಪೆಟ್ಟಿಗೆ ಒಳಗೆ 26 ಡಿಗ್ರಿ." ಅಂಥ ಮಳೆಯಲ್ಲಿ ನಡುರಾತ್ರಿ ಎದ್ದು ಗಂಟೆ ನೋಡಿ ಬರೆದಿಟ್ಟಿದ್ದಾಳೆ! ದುಡ್ಡು ಇಟ್ಟುಕೋ, ಇನ್ನೊಂದು ಸಲ ಮಾಡು ಎಂದೆ. ಎರಡನೇ ಸಲ ಕರೆಂಟು ಹೋದಾಗೆಲ್ಲ ಬಾಟಲಿಗೆ ಬಿಸಿನೀರು ತುಂಬಿ ಪೆಟ್ಟಿಗೆಯೊಳಗಿಟ್ಟು, ಮೇಲೆ ಕಂಬಳಿ ಹೊದಿಸಿದಳು. ಹದಿನೆಂಟರಲ್ಲಿ ಹನ್ನೊಂದು ಮರಿಯಾದವು.

ಆದ್ದರಿಂದ ನಾವು ಲೆಕ್ಕ ಕೇಳುತ್ತೇವೆ, ಗೆಲುವು ಕೇಳುವುದಿಲ್ಲ. ಅಂಗಡಿಯ ಚೀಟಿ ಸಿಕ್ಕರೆ ಚೀಟಿ, ಇಲ್ಲದಿದ್ದರೆ ಅವರೇ ಬರೆದದ್ದು ಸಾಕು.

ಸಾಲ ಅಂತ ಮಾತ್ರ ಕೊಡಬೇಡಿ. 18 ತುಂಬದವರ ಜೊತೆ ಮಾಡಿಕೊಂಡ ಕರಾರು ಕಾನೂನಿನಲ್ಲಿ ಹೇಗೂ ನಿಲ್ಲುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಸಾಲವೆಂದರೆ ಮನೆಯವರು ಹೆದರಿ ಬೇಡವೆನ್ನುತ್ತಾರೆ. ಅಪ್ಪ ಅಮ್ಮನಿಗೆ ವಿಷಯ ತಿಳಿಸಿ ಒಂದು ಸಹಿ ಹಾಕಿಸಿಕೊಳ್ಳಿ. ಎರಡರಿಂದ ಐದು ಸಾವಿರದೊಳಗೆ ಕೊಡಿ, ಒಂದು ವಾರದೊಳಗೆ ಕೊಡಿ. ತಿಂಗಳುಗಟ್ಟಲೆ ಕಾಯಿಸಿದರೆ ಆ ವಯಸ್ಸಿನ ಮಕ್ಕಳ ಉತ್ಸಾಹ ಇಳಿದುಹೋಗುತ್ತದೆ.

ಹತ್ತನೇ ಕ್ಲಾಸಿನವರಿಗೆ ಡಿಸೆಂಬರ್ ಆದಮೇಲೆ ಪುರುಸೊತ್ತಿರುವುದಿಲ್ಲ. ಉಳಿದವರಿಗೆ ಏಪ್ರಿಲ್, ಮೇ ರಜೆಯೇ ಕೆಲಸದ ಕಾಲ. ಫೆಬ್ರವರಿಯಲ್ಲಿ ಅರ್ಜಿ ಕರೆದು, ರಜೆ ಶುರುವಾಗುವ ಮೊದಲೇ ದುಡ್ಡು ಕೈಸೇರುವಂತೆ ನೋಡಿಕೊಳ್ಳಿ.