ಜರ್ಮಾಟ್‌ನಲ್ಲಿ ಎರಡು ರಾತ್ರಿ ಸಾಕಾ? ಸ್ಕೀಯಿಂಗ್ ಒಂದು ದಿನದಲ್ಲಿ ಬರುತ್ತಾ?

ಸಾಗರದವರು, ಜನವರಿಯಲ್ಲಿ ಅಪ್ಪ-ಅಮ್ಮನ್ನ ಕರ್ಕೊಂಡು ಸ್ವಿಟ್ಜರ್ಲೆಂಡಿನ ಜರ್ಮಾಟ್‌ಗೆ ಹೊರಟಿದ್ದೀರಿ ಅಂತ ಬರೆದಿದ್ದೀರಿ. ನಾನು ಶಿವಮೊಗ್ಗದವನು, ಒಮ್ಮೆ ಚಳಿಗಾಲದಲ್ಲೇ ಅಲ್ಲಿಗೆ ಹೋಗಿಬಂದವನು. ಎರಡು ರಾತ್ರಿ ಸಾಕಾಗಬಹುದು, ಆದರೂ ಸಾಧ್ಯವಾದರೆ ಇನ್ನೊಂದು ರಾತ್ರಿ ಸೇರಿಸಿ. ಸ್ಕೀಯಿಂಗಿಗಾಗಿ ಅಲ್ಲ ಮಾರಾಯ್ರೆ, ಮೋಡಕ್ಕಾಗಿ. ಆಗುಂಬೆಗೆ ಸೂರ್ಯಾಸ್ತ ನೋಡಲು ಹೋಗಿ ಬರೀ ಮಂಜು ನೋಡಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 4478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರ ಕೂಡ ಒಮ್ಮೊಮ್ಮೆ ಇಡೀ ದಿನ ಮುಖ ತೋರಿಸುವುದಿಲ್ಲ.

ಹಾಗಾಗಿ ಆ ಶಿಖರ ಎದುರಿಗೇ ಕಾಣುವ ಗೋರ್ನರ್‌ಗ್ರಾಟ್ ಗುಡ್ಡಕ್ಕೆ ಹತ್ತುವ ರೈಲಿನ ಟಿಕೆಟನ್ನು ಇಲ್ಲಿಂದಲೇ ದಿನ ಗೊತ್ತು ಮಾಡಿ ಕೊಳ್ಳಬೇಡಿ. ಬೆಳಿಗ್ಗೆ ಎದ್ದು ವೆಬ್‌ಕ್ಯಾಮ್ ನೋಡಿ. ಆಕಾಶ ತಿಳಿಯಾಗಿದ್ದರೆ ಉಳಿದದ್ದೆಲ್ಲ ಬಿಟ್ಟು ಹೊರಡಿ. 1898ರಿಂದ ಓಡುತ್ತಿರುವ ಹಲ್ಲು-ಹಳಿಯ ರೈಲು ಅದು, ಅರ್ಧ ಗಂಟೆ ಚಿಲ್ಲರೆಯಲ್ಲಿ 3089 ಮೀಟರಿಗೆ ಮುಟ್ಟಿಸುತ್ತದೆ. ಹತ್ತುವಾಗ ಬಲಗಡೆ ಕೂತ್ಕೊಳ್ಳಿ. ಸ್ವಿಸ್ ಹಾಫ್ ಫೇರ್ ಕಾರ್ಡ್ ಇದ್ದರೆ ಅರ್ಧ ದರ.

ಊರು ಇರುವುದು ಸುಮಾರು 1600 ಮೀಟರಿನಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಕೆಳಗೆ. ಅಲ್ಲಿ ಹಿರಿಯರಿಗೆ ಉಸಿರಿನ ತೊಂದರೆ ಬರುವುದು ಕಡಿಮೆ. 3883 ಮೀಟರಿನ ಕ್ಲೈನ್ ಮ್ಯಾಟರ್‌ಹಾರ್ನ್ ಎಂಬ ಬೇರೊಂದು ಶಿಖರದ ಕೇಬಲ್ ಕಾರಿನ ಮಾತು ಬೇರೆ. ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಹತ್ತಿಸಬೇಡಿ. ನಾನಾದರೆ ಅಪ್ಪ-ಅಮ್ಮನಿಗೆ ಗೋರ್ನರ್‌ಗ್ರಾಟ್ ಸಾಕು ಅಂತೀನಿ.

ಸ್ಕೀಯಿಂಗ್ ಒಂದು ದಿನದಲ್ಲಿ ಬರುವುದಿಲ್ಲ. ಬೀಳುವುದು, ಎದ್ದು ನಿಲ್ಲುವುದು, ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ವೇಗ ತಗ್ಗಿಸುವುದು, ಇಷ್ಟು ಬರುತ್ತದೆ. ಮಜಾಕ್ಕೆ ಅಷ್ಟು ಧಾರಾಳ. ಊರಿನಿಂದ ಸುರಂಗದೊಳಗೆ ಹೋಗುವ ಫ್ಯುನಿಕ್ಯುಲರ್ (ಹಗ್ಗ ಎಳೆಯುವ ರೈಲು) ಕೆಲವೇ ನಿಮಿಷದಲ್ಲಿ ಮೇಲಿನ ಸುನೆಗ್ಗಾಕ್ಕೆ ಒಯ್ಯುತ್ತದೆ. ಹೊಸಬರ ಇಳಿಜಾರು ಅಲ್ಲಿದೆ. ಅರ್ಧ ದಿನದ ಕ್ಲಾಸ್ ಸೇರಿ, ಬೂಟು-ಹೆಲ್ಮೆಟ್ ಎಲ್ಲ ಬಾಡಿಗೆಗೆ ಸಿಗುತ್ತದೆ. ಗಂಬೂಟು ಹಾಕಿ ತೋಟ ಸುತ್ತಿದ ಕಾಲಿಗೂ ಸ್ಕೀ ಬೂಟು ಹಿಂಸೆಯೇ, ಹರಡಿನ ಹತ್ತಿರ ಬಗ್ಗುವುದೇ ಇಲ್ಲ. ಜೀನ್ಸ್ ಬೇಡ, ಒದ್ದೆಯಾದರೆ ಮುಗೀತು. ಮುಖ್ಯವಾಗಿ, ಟ್ರಾವೆಲ್ ಇನ್ಶೂರೆನ್ಸಿನಲ್ಲಿ ಸ್ಕೀಯಿಂಗ್ ಸೇರಿದೆಯೇ ಅಂತ ಓದಿ ನೋಡಿ; ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ.

ಮೋಡದ ದಿನ ಊರೊಳಗೆ ತಿರುಗಿ. ಹಿಂಟರ್‌ಡಾರ್ಫ್ ಓಣಿಯಲ್ಲಿ ಹಳೇ ಮರದ ಕಣಜಗಳಿವೆ, ಇಲಿ ಹತ್ತಬಾರದು ಅಂತ ಕಂಬಗಳ ಮೇಲೆ ಚಪ್ಪಟೆ ಕಲ್ಲು ಇಟ್ಟು ಕಟ್ಟಿದ್ದು. ಮ್ಯೂಸಿಯಮ್ಮಿನಲ್ಲಿ 1865ರ ತುಂಡಾದ ಹಗ್ಗವಿದೆ. ಮ್ಯಾಟರ್‌ಹಾರ್ನ್ ತುದಿಯನ್ನು ಮೊದಲು ಮುಟ್ಟಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಜಾರಿ, ಆ ಹಗ್ಗ ತುಂಡಾಗಿ ಸತ್ತರು. ನನಗೆ ಶಿಖರಕ್ಕಿಂತ ಆ ಹಗ್ಗವೇ ಹೆಚ್ಚು ಹೊತ್ತು ತಲೆಯಲ್ಲಿ ಉಳಿಯಿತು.

ಪೆಟ್ರೋಲ್-ಡೀಸೆಲ್ ಕಾರುಗಳನ್ನು ಊರೊಳಗೆ ಬಿಡುವುದಿಲ್ಲ. ಬಾಡಿಗೆ ಕಾರು ತೆಗೊಂಡರೆ ಕೆಳಗಿನ ಊರು ಟೇಶ್‌ನಲ್ಲಿ ನಿಲ್ಲಿಸಿ ರೈಲು ಹತ್ತಬೇಕು. ಜ್ಯೂರಿಕ್‌ನಿಂದ ಫಿಸ್ಪ್ ಮೇಲಾಗಿ ರೈಲಿನಲ್ಲೇ ಬರುವುದು ಸುಲಭ.

ಊಟ: ಕಟ್ಟಾ ಸಸ್ಯಾಹಾರಿಗಳಾದರೆ ಫಾಂಡ್ಯು (ಕರಗಿಸಿದ ಚೀಸ್) ತಿನ್ನುವ ಮೊದಲು ಕೇಳಿ. ಗ್ರುಯೇರ್‌ನಂಥ ಚೀಸಿಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯ ರೆನೆಟ್ ಎಂಬ ಹೆಪ್ಪು ಬಳಸುತ್ತಾರೆ. ಅನ್ನ ಬೇಕೇ ಬೇಕು ಅನ್ನುವವರಿದ್ದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಸ್ಟೇಷನ್ ಎದುರೇ ಕೋಪ್ ಸೂಪರ್‌ಮಾರ್ಕೆಟ್ ಇದೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಚೆಕ್-ಇನ್ ಬ್ಯಾಗಿಗೇ ಹಾಕಿ. ಕೈಚೀಲದಲ್ಲಿದ್ದರೆ ಏರ್‌ಪೋರ್ಟಿನಲ್ಲೇ ತೆಗೆದಿಡಿಸುತ್ತಾರೆ.